ಯಾವ ಬಿಡು

ಕರುಂ — ಬೆಂಚಿನ ಆ ತುದಿಯಲ್ಲಿ ಎಲ್ಲರೂ ಮೀಸೆ ಎನ್ನುವ ಹವಾಲ್ದಾರ ಬಿಸ್ಕತ್ತು ಕಡಿದ ಸದ್ದು, ಹನ್ನೊಂದು ದಿನದಲ್ಲಿ ಆ ಬಾಯಿಂದ ತನ್ನ ಕಿವಿಗೆ ಬಿದ್ದದ್ದು ಇದೊಂದೇ ಎಂದು ತಾತನಿಗೆ ನಗು ಬಂತು, ನಗಬಾರದು, ವಿಚಾರಣೆ ಕೋಣೆಯ ಬಾಗಿಲಲ್ಲಿ ಕೂತವನು ನಗಬಾರದು, ಒಳಗೆ ಕ್ಯಾಪ್ಟನ್ ಅಮ್ಮ ನಿಂತಿದ್ದಾಳೆ, ಅವಳಾದ ಮೇಲೆ ತಾನು, ಕೇಳುವುದು ಒಂದೇ ಮಾತಂತೆ — ಅವಳು ಬಿಡು ಅಂದಾಗ ನೀನು ಏನಂತ ತಿಳಿದೆ. ಗುಂಡು ಬಿಡು ಅಂತ ತಿಳಿದೆ ಅಂದರೆ ಆಜ್ಞೆ ಮೀರಿದವನು ತಾನು, ನೇರ ಜೈಲು, ಅವನನ್ನು ಹೋಗಲು ಬಿಡು ಅಂತ ತಿಳಿದೆ ಅಂದರೆ ಶತ್ರುವನ್ನು ಕೈಯಾರೆ ಬಿಟ್ಟವಳು ಅವಳು, ಹೆಗಲ ಮೇಲಿನ ನಕ್ಷತ್ರಗಳೆಲ್ಲ ಉದುರಿದವು — ಎರಡಕ್ಷರ, ಎರಡು ಕುತ್ತಿಗೆ, ಈ ಭಾಷೆ ಕಟ್ಟಿದ ಪುಣ್ಯಾತ್ಮನಿಗೆ ಇನ್ನೊಂದು ಪದ ಹುಟ್ಟಿಸಲು ಏನು ರೋಗ ಬಂದಿತ್ತು. ನಲವತ್ತು ವರ್ಷ ಬಸ್ಸಿನ ಬಾಗಿಲಲ್ಲಿ ರೈಟ್ ಕೂಗುವ ಕ್ಲೀನರ್ ಆಗಿದ್ದವನಿಗೆ ಬಿಡು ಅಂದರೆ ಬಸ್ಸು ಬಿಡು, ಅಷ್ಟೇ, ಅದರಿಂದ ಯಾರೂ ಸತ್ತದ್ದಿಲ್ಲ, ಹತ್ತಲು ಓಡಿಬಂದವರು ಬೈದದ್ದುಂಟು. ಈ ಯುದ್ಧಕ್ಕೆ ಕಾಲೂ ಬೇಡ ತೋಳೂ ಬೇಡ, ಹಾರುವುದು ಯಂತ್ರ, ಹೊಡೆಯುವುದು ಯಂತ್ರ, ಬೇಕಾದದ್ದು ಅದಕ್ಕೆ ಆಜ್ಞೆ ಕೊಡುವ ಗಂಟಲು ಮಾತ್ರ, ಸಾವಿರ ಜನ ಕೂಗಿ ಸೋತರೂ ಇದ್ದಲ್ಲೇ ಗುಂಯ್‌ಗುಡುತ್ತಿದ್ದ ನೊಣ — ಆ ಯಂತ್ರಕ್ಕೆ ಎಲ್ಲರೂ ಇಟ್ಟ ಹೆಸರು — ಈ ಮುದುಕನ ಒಂದು ರೈಟ್‌ಗೆ ಕಿವಿ ನಿಮಿರಿಸಿತು, ಹದಿನೈದು ವರ್ಷ ಸೇವೆ ಮಾಡಿದ ಮೀಸೆಯ ಮಾತಿಗೆ ಮಿಸುಕಾಡದ್ದು ಹೆಬ್ಬೆಟ್ಟೊತ್ತುವ ಇವನ ಮಾತಿಗೆ ಕುಣಿಯಿತು, ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ಆದರೂ ಮೀಸೆ ದಿನಾ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಬಿಸಿನೀರು ತಂದು ಮುಂದಿಡುತ್ತಿದ್ದ, ಕುಡೀರಿ ತಾತ, ನಿಮ್ಮ ಗಂಟ್ಲು ಸರ್ಕಾರಿ ಆಸ್ತಿ. ಹನ್ನೊಂದು ದಿನದಿಂದ ಫ್ಲಾಸ್ಕು ಇಲ್ಲ, ಗಂಟಲು ಕೆರೆಯುತ್ತದೆ.

ಆ ದಿನ ಗೋಡೆಯ ಪರದೆಯ ಮೇಲೆ ನೊಣ ತೋರಿಸಿದ್ದು ಹೊಳೆ, ದಡದಲ್ಲಿ ಆ ಕಡೆಯ ಒಬ್ಬನೇ ಸಿಪಾಯಿ, ಕಾಲುಚೀಲ ಒಗೆದ, ಹಿಂಡಿದ, ಒಣಗುವ ತನಕ ಕಾಯುವ ತಾಳ್ಮೆ ಇಲ್ಲ, ಒದ್ದೆಯದನ್ನೇ ಹಾಕಲು ಹೊರಟ, ಒಂಟಿ ಕಾಲಲ್ಲಿ ಕುಪ್ಪಳಿಸುತ್ತ, ಕಾಲು ಒಳಗೆ ಹೋಗದು, ಹೋದರೆ ಹಿಮ್ಮಡಿ ಮೇಲಾಗಿ ಕೂತಿದೆ, ತೆಗೆದ, ಮತ್ತೆ ಕುಪ್ಪಳಿಸಿದ, ಕುಂಟೆಬಿಲ್ಲೆ ಆಡುವ ಮಗು ಇದ್ದ ಹಾಗೆ — ಬೆನ್ನ ಹಿಂದೆ ಕ್ಯಾಪ್ಟನ್ ಅಮ್ಮ ಕಿಸಕ್ಕನೆ ನಕ್ಕಳು, ತಾತನೂ ನಕ್ಕ, ನಗು ನಿಂತಿತು, ನಿಂತ ಮೇಲೆ ಅವಳ ದನಿ, ಬಿಡು ತಾತ. ತಿರುಗಿ ನೋಡಿದರೆ ಅವಳು ತನ್ನ ಬೂಟು ನೋಡಿಕೊಳ್ಳುತ್ತಿದ್ದಾಳೆ. ಯಾವ ಬಿಡು ಅಮ್ಮ ಅಂತ ಕೇಳಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು, ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಮಾಡಬೇಕಾಗುತ್ತದೆ — ಪರದೆಯ ಕಡೆಗೆ ತಿರುಗಿ ನೊಣಕ್ಕೆ ರೈಟ್, ಮುಂದೆ ಹೋಗೋಣ ಅಂದುಬಿಟ್ಟ, ಅದು ಹೋಯಿತು, ಕುಪ್ಪಳಿಸುವವನು ತಲೆ ಎತ್ತಿ ಸಹ ನೋಡಲಿಲ್ಲ. ಮಾರನೆಯ ದಿನ ಹೊಳೆಯಾಚೆಯಿಂದ ಸಿಡಿದು ಬಂದ ಗುಂಡಿಗೆ ಮೀಸೆಯ ಭಾವಮೈದನ ಎರಡು ಬೆರಳು ಹೋದವು, ನಿಮ್ಮ ಕಾಲುಚೀಲದವ್ನೇ ಹೊಡ್ದಿದ್ದು ಅಂದ ಮೀಸೆ, ಅದೇ ತಾತನ ಜೊತೆ ಅವನ ಕಡೆಯ ಮಾತು, ಹೊಡೆದವನು ಅದೇ ಸಿಪಾಯಿ ಇರಬಹುದು, ಅಲ್ಲದೆಯೂ ಇರಬಹುದು, ಬೆರಳು ಕಳೆದುಕೊಂಡವನು ಮಾತ್ರ ಆಸ್ಪತ್ರೆಯ ಮಂಚದ ಮೇಲೆ ಇಸ್ಪೀಟು ಕಲಸಿ, ಬನ್ನಿ ತಾತ, ಎಂಟೇ ಬೆರಳಲ್ಲಿ ನಿಮ್ಮನ್ನ ಸೋಲಿಸ್ತೀನಿ ಅಂದ, ಮೂರು ಸಲ ಸೋಲಿಸಿಯೂ ಬಿಟ್ಟ ಕಳ್ಳ, ಪಟ್ಟಿ ಕಟ್ಟಿದ ಕೈಯಿಂದ ಎಲೆಗಳನ್ನು ಎದೆಗೆ ಒತ್ತಿ ಹಿಡಿದಿದ್ದ, ಅದನ್ನು ನೋಡುತ್ತ ತಾತ ತನ್ನ ಎಲೆ ಯಾವುದೆಂದೇ ಮರೆತಿದ್ದ.

ವಿಚಾರಣೆ ಕೋಣೆಯ ಬಾಗಿಲು ತೆರೆಯಿತು, ಕ್ಯಾಪ್ಟನ್ ಅಮ್ಮ ಹೊರಗೆ ಬಂದಳು, ಮುಖ ನೋಡಲಿಲ್ಲ, ಬೂಟು ನೋಡಿಕೊಂಡು ಹೋದಳು, ಒಳಗೆ ಏನು ಹೇಳಿದಳೋ ಆ ಬೂಟಿಗೇ ಗೊತ್ತು. ಬೆಂಚಿನ ಮೇಲೆ ಸರ್ರನೆ ಏನೋ ಜಾರಿ ಬಂದು ತೊಡೆಗೆ ತಾಗಿತು, ಫ್ಲಾಸ್ಕು. ಕುಡೀರಿ, ಗಂಟ್ಲು ಇನ್ನೂ ಸರ್ಕಾರದ್ದೇ, ನನ್ ಕೋಪ ಮಾತ್ರ ಹೋಗಿಲ್ಲ ಅಂದ ಮೀಸೆ ಗೋಡೆಯನ್ನು ನೋಡುತ್ತ. ಇರಲಿ ಬಿಡು ಅಂದ ತಾತ, ಅಂದು ನಾಲಿಗೆ ಕಚ್ಚಿಕೊಂಡ, ಮೀಸೆ ತಿರುಗಿ ನೋಡಿದ, ಇದ್ಯಾವ ಬಿಡು ತಾತ, ಹೊಡೆಯೋದಾ ಹೋಗೋದಾ — ಇಬ್ಬರಿಗೂ ತಡೆಯಲಾಗಲಿಲ್ಲ, ಬಿಸ್ಕತ್ತಿನ ಪುಡಿ ಮೀಸೆಯ ಮೀಸೆಯಿಂದ ಉದುರಿತು, ಕಾವಲಿನವನು ಶ್ ಅಂದ. ನಗು ಇನ್ನೂ ಹೊಟ್ಟೆಯಲ್ಲಿ ಇರುವಾಗಲೇ ತಾತ ಒಳಗೆ ನಿಂತಿದ್ದ, ಮೇಜಿನ ಹಿಂದೆ ಅಧಿಕಾರಿ, ಅವನ ಹಿಂದಿನ ಗೋಡೆ ಆಡಿದ ಮಾತನ್ನೆಲ್ಲ ತಾನೇ ಬರೆದುಕೊಳ್ಳುತ್ತದೆ, ತಾತನಿಗೆ ಅಕ್ಷರ ಬಾರದು, ಸಾಲಾಗಿ ಇರುವೆ ಹೋದಂತೆ ಕಾಣುತ್ತದೆ. ಕ್ಯಾಪ್ಟನ್ ಬಿಡು ಅಂದದ್ದು ನಿಮಗೆ ಕೇಳಿಸಿತಾ, ಏನಂತ ತಿಳಿದಿರಿ. ಕೇಳಿಸ್ತು ಸಾರ್, ನಾನು ಕೇಳ್ಲಿಲ್ಲ. ಸುಳ್ಳಲ್ಲ, ಒಂದಕ್ಷರವೂ ಸುಳ್ಳಲ್ಲ, ಅವಳ ಮೇಲೆ ಬೀಳುವುದಿಲ್ಲ, ಬಿದ್ದರೆ ತನ್ನ ಮೇಲೆಯೇ, ಬೀಳಲಿ — ಗೋಡೆಯ ಇರುವೆಗಳು ನಿಂತವು, ಅಧಿಕಾರಿ ತಲೆ ಎತ್ತಿದ, ಯಾವ ಕೇಳ್ಲಿಲ್ಲ, ಪ್ರಶ್ನೆ ಕೇಳ್ಲಿಲ್ವೋ ಹೇಳಿದ ಮಾತು ಕೇಳ್ಲಿಲ್ವೋ. ತಾತ ಬಾಯಿ ತೆರೆದ, ಗಂಟಲು ಬಿಸಿನೀರಿನಿಂದ ಮೆತ್ತಗಿದೆ, ಕಣ್ಣ ಮುಂದೆ ಹೊಳೆಯ ದಡ, ಒದ್ದೆ ಕಾಲುಚೀಲ, ಹಿಮ್ಮಡಿ ಮತ್ತೆ ಮೇಲಾಗಿದೆ, ಅವನು ಕುಪ್ಪಳಿಸುತ್ತಾನೆ, ಬೀಳುವುದಿಲ್ಲ, ನಿಲ್ಲುವುದೂ ಇಲ್ಲ, ಒಂಟಿ ಕಾಲು, ಒಂಟಿ ಕಾಲು —