ಚೆಂಡು ಇದ್ದಲ್ಲೇ ಇರಲಿ

ನನ್ನ ಅಕ್ಕನ ಮಗಳಿಗೆ ಏಳು ವರ್ಷ. ಅವಳಿಗೆ ಬರುವ ಮಾತು ಒಟ್ಟು ಹನ್ನೊಂದು. ಅದರಲ್ಲಿ ನಾಲ್ಕು ಬೈಗುಳ, ನಾಲ್ಕೂ ನನಗೇ ಮೀಸಲು. ನಾನು ಟೈಲರ್, ಹಾಗಾಗಿ ಅವಳನ್ನು ಕರೆಯುವುದು ಗುಂಡುಸೂಜಿ ಎಂದು. ಅಂಗಡಿಗೆ ಬಂದ ಗಿರಾಕಿ ಹೊಟ್ಟೆ ಒಳಗೆಳೆದು, ಉಸಿರು ಬಿಗಿಹಿಡಿದು ಸೊಂಟದ ಅಳತೆಗೆ ನಿಂತರೆ, ಅವನು ಉಸಿರು ಬಿಡುವವರೆಗೂ ಇವಳು ನನಗೆ ಟೇಪು ಕೊಡುವುದಿಲ್ಲ. ಒಬ್ಬ ಮುಕ್ಕಾಲು ಗಂಟೆ ತಡೆದುಕೊಂಡಿದ್ದ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

ಎಲ್ಲ ಮಕ್ಕಳೂ ಹೋಗುವ ಶಾಲೆಗೆ ಇವಳು ಸೇರಬೇಕಾದರೆ ಒಂದು ಪರೀಕ್ಷೆ ಪಾಸಾಗಬೇಕಿತ್ತು. ಬೇರೆಯವರ ಮನಸ್ಸು ಇವಳಿಗೆ ತಿಳಿಯುತ್ತದೆಯೇ ಎಂದು ನೋಡುವ ಪರೀಕ್ಷೆ. ಅಕ್ಕ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಪರೀಕ್ಷೆ ಮಾಡುವ ಮೇಡಂ ಎರಡು ಗೊಂಬೆ ತಂದರು. ಕೆಂಪು ಗೊಂಬೆ ಚೆಂಡನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಯಿತು. ನೀಲಿ ಗೊಂಬೆ ಅದನ್ನು ತೆಗೆದು ಡಬ್ಬಿಯಲ್ಲಿ ಬಚ್ಚಿಟ್ಟಿತು.

"ಕೆಂಪು ಗೊಂಬೆ ವಾಪಸ್ ಬಂದು ಚೆಂಡು ಎಲ್ಲಿ ಹುಡುಕತ್ತೆ, ತೋರ್ಸು ಪುಟ್ಟಾ."

ಗುಂಡುಸೂಜಿ ಡಬ್ಬಿ ತೆರೆದು ಚೆಂಡನ್ನು ಬುಟ್ಟಿಗೆ ಹಾಕಿದಳು. ನೀಲಿ ಗೊಂಬೆಯನ್ನು ಒಯ್ದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು.

"ಮುಟ್ಬಾರ್ದು. ಬರೀ ತೋರಿಸ್ಬೇಕು."

ಐದು ಸಲ ಆಡಿಸಿದರು. ಐದು ಸಲವೂ ನೀಲಿ ಗೊಂಬೆಗೆ ಅದೇ ಶಿಕ್ಷೆ. ಮೇಡಂ ಹಾಳೆಯಲ್ಲಿ ಸೊನ್ನೆ ಬರೆದರು.

"ತಪ್ಪೇನು ಮೇಡಂ? ಕಳ್ಳನ್ನ ಹಿಡಿದ್ಳು, ಮಾಲು ವಾಪಸ್ ಇಟ್ಳು. ಪೊಲೀಸ್ರೂ ಇಷ್ಟು ಬೇಗ ಮಾಡಲ್ಲ," ಎಂದೆ.

"ಸುಮ್ನಿರೋ," ಎಂದಳು ಅಕ್ಕ.

"ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ ಸಾರ್." ಮೇಡಂ ಮೊಹರು ತರಲು ಒಳಕೋಣೆಗೆ ಹೋದರು. ಮೊಹರು ಬಿದ್ದರೆ ಕಥೆ ಮುಗಿದಂತೆ. ಅವರ ಕನ್ನಡಕ ಮೇಜಿನ ಮೇಲೇ ಇತ್ತು. ಮೆಲ್ಲಗೆ ಎತ್ತಿ ಜೇಬಿಗೆ ಇಳಿಬಿಟ್ಟೆ. ಕಣ್ಣು ಕಾಣದೆ ಮೊಹರು ಮೇಜಿಗೆ ಒತ್ತಲಿ ಎಂಬುದಷ್ಟೇ ನನ್ನ ಉಪಾಯ.

ಒಳಗೆ ಬೀರು ಮುಚ್ಚಿದ ಸದ್ದಾಯಿತು. ಗುಂಡುಸೂಜಿ ನನ್ನ ಜೇಬಿಗೆ ಕೈ ಹಾಕಿ ಕನ್ನಡಕ ತೆಗೆದು, ಮೊದಲಿದ್ದ ಜಾಗದಲ್ಲೇ ಇಟ್ಟಳು. ಆಮೇಲೆ ನನ್ನ ಕಿವಿ ಹಿಡಿದು ಎಳೆದೊಯ್ದು ನೀಲಿ ಗೊಂಬೆಯ ಪಕ್ಕ ನಿಲ್ಲಿಸಿದಳು.

ಗೋಡೆಗೆ ತಿರುಗುವ ಮೊದಲು ಕಂಡೆ, ಮೇಡಂ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

"ನೀವು ಬಂದು ಎಲ್ಲಿ ಹುಡುಕ್ತೀರಾ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ಅಲ್ಲಿಟ್ಳು. ಬರ್ಕೊಳ್ಳಿ," ಎಂದಳು ಅಕ್ಕ.

"ಇದಕ್ಕೆಲ್ಲ ಫಾರಂನಲ್ಲಿ ಜಾಗ ಇಲ್ಲಮ್ಮ."

"ಜಾಗ ಮಾಡಿ. ಅಲ್ಲೀವರ್ಗೂ ನಾನು ಏಳಲ್ಲ."

ಮೇಡಂ ಕುರ್ಚಿ ಎಳೆದು ಕೂತ ಸದ್ದು ಕೇಳಿತು. ನನಗೆ ಕಾಣುತ್ತಿದ್ದುದು ಗೋಡೆ ಮಾತ್ರ. ಕಾಗದದ ಮೇಲೆ ಪೆನ್ನು ಪರಪರ ಎಂದಿತು.

"ಸೊನ್ನೆ ಹೊಡೆದುಹಾಕಿದೀನಿ. ಏನೇನ್ ಮಾಡಿದ್ಳು, ಮೊದ್ಲಿಂದ ಹೇಳಿ."

ನಾನು ಗಂಟಲು ಸರಿಮಾಡಿಕೊಂಡು ತಿರುಗಿದೆ.

"ನೀವಲ್ಲ ಸಾರ್," ಎಂದರು ಮೇಡಂ. "ನೀವು ಅಲ್ಲೇ ನಿಂತಿರಿ."