ಹಲ್ಲಿನ ಲೋಹದ ಧೂಳು ಮನೆಗೆ ಬಂದದ್ದು

ಸೆಪ್ಟೆಂಬರ್ ಬಂತೆಂದರೆ ಪ್ಲೊವ್ದಿವ್ ಊರಿನಲ್ಲಿ ಕೆಮ್ಮಿದವರೆಲ್ಲ ದಪ್ಪಮೆಣಸಿನಕಾಯಿಯ ಮೇಲೆ ತಪ್ಪು ಹೊರಿಸುತ್ತಾರೆ. ಚಳಿಗಾಲಕ್ಕೆ ಕೂಡಿಡಲೆಂದು ಪ್ರತಿ ಬಾಲ್ಕನಿಯಲ್ಲೂ ಮೆಣಸಿನಕಾಯಿ ಸುಡುತ್ತಿರುತ್ತಾರೆ. ಯಾರ ಹೊಗೆ ಯಾರ ಮೂಗಿಗೆ ಎಂದು ಹೇಳುವುದು ಕಷ್ಟ. ಹಾಗಾಗಿ ಮೂರನೇ ಮಹಡಿಯ ಸ್ತಾಮೆನಾ ಕೆಮ್ಮತೊಡಗಿದಾಗ ನೆರೆಯವರು ಮೆಣಸಿನ ಹೊಗೆ ಎಂದರು. ಕ್ರಿಸ್‌ಮಸ್ ಹೊತ್ತಿಗೆ ಚಳಿ ಎಂದರು, ಈಸ್ಟರ್ ಬಂದಾಗ ಹೂವಿನ ಪರಾಗ ಎಂದರು. ಮತ್ತೆ ಸೆಪ್ಟೆಂಬರ್ ಬಂತು, ಮತ್ತೆ ಮೆಣಸಿನ ಪಾಳಿ ಬಂತು. ಕೆಮ್ಮು ಮಾತ್ರ ಇದ್ದಲ್ಲೇ ಇತ್ತು. ಬಡಾವಣೆಯ ವೈದ್ಯರು ಎರಡು ಸಲ ಸಿಗರೇಟು ಬಿಡಬೇಕೆಂದು ಬರೆದುಕೊಟ್ಟರು. ಆಕೆ ಹುಟ್ಟಿದಾಗಿನಿಂದ ಸಿಗರೇಟು ಮುಟ್ಟಿದವಳಲ್ಲ.

ಅವಳ ಗಂಡ ವೆಲ್ಚೊ ಹಲ್ಲಿಗೆ ಕೂರಿಸುವ ಲೋಹದ ಕ್ಯಾಪು, ಬ್ರಿಡ್ಜುಗಳನ್ನು ಮಾಡುವವನು. ಮೂವತ್ತು ವರ್ಷದ ಪಳಗಿದ ಕೈ. ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಆರು ಮೇಜು, ಆರು ಜನ, ಒಂದೇ ಒಂದು ಕಿಟಕಿ. ಲೋಹ ಕರಗಿಸಿ ಅಚ್ಚಿಗೆ ಹೊಯ್ಯಬೇಕು, ಆಮೇಲೆ ಹೊಳಪು ಬರುವವರೆಗೆ ಉಜ್ಜಬೇಕು. ಧೂಳು ಎಳೆಯುವ ಯಂತ್ರವೊಂದು ಅಲ್ಲಿ ಇತ್ತೆನ್ನುವುದು ನಿಜ. ಮಾಲೀಕ ಪ್ರೊದಾನ್ ಅದರ ಮೇಲೆ ಕಾಫಿ ಲೋಟ ಇಡುತ್ತಿದ್ದ. ಯಂತ್ರ ಓಡಿಸುವ ಬದಲು ಅವನು ಪ್ರತಿಯೊಬ್ಬರಿಗೂ ದಿನಕ್ಕೊಂದು ಡಬ್ಬಿ ಮೊಸರು ಕೊಡುತ್ತಿದ್ದ.

ಈ ಮೊಸರು ಹಳೆಯ ಕಮ್ಯುನಿಸ್ಟ್ ಸರ್ಕಾರದ ಕಾಲದಿಂದ ಬಂದದ್ದು. ಧೂಳಿನ ಕೆಲಸದವರಿಗೆ ಆಗ ಹಾಲೋ ಮೊಸರೋ ಹಂಚುತ್ತಿದ್ದರು. ಸರ್ಕಾರ ಹೋಯಿತು, ಮೊಸರು ಧೂಳನ್ನು ಕಟ್ಟಿ ಮೈಯಿಂದ ಹೊರಗೆ ಹಾಕುತ್ತದೆ ಎಂಬ ನಂಬಿಕೆ ಉಳಿಯಿತು. ವೆಲ್ಚೊ ಅದನ್ನು ಪೂರಾ ನಂಬಿದ್ದ. ಸಂಜೆ ಡಬ್ಬಿ ಖಾಲಿ ಮಾಡಿ, ಗಾಳಿಯ ಪೈಪಿನಿಂದ ಮೈಮೇಲಿನ ಧೂಳು ಊದಿಕೊಂಡು, ಉಳಿದದ್ದನ್ನು ಕೆಲಸದ ನಿಲುವಂಗಿಯ ಸಮೇತ ಮನೆಗೆ ತರುತ್ತಿದ್ದ.

ಆ ಎರಡನೇ ಸೆಪ್ಟೆಂಬರಿನ ಒಂದು ಭಾನುವಾರ ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಬಿಡಿಸಲು ಸ್ತಾಮೆನಾಳ ಅಕ್ಕನ ಮಗಳು ಬಿಸೆರಾ ಬಂದಿದ್ದಳು. ಹಲ್ಲಿನ ಕ್ಯಾಪುಗಳಿಗೆ ಹೊಸ ಹೊಸ ಮಿಶ್ರಲೋಹ ತಯಾರಿಸಿ ಪರೀಕ್ಷಿಸುವ ಸಂಸ್ಥೆಯೊಂದರಲ್ಲಿ ಅವಳಿಗೆ ಕೆಲಸ. ಒಳಗೆ ಕಾಲಿಡುವಾಗ ಚಿಕ್ಕಮ್ಮ ಬಾಲ್ಕನಿಯ ಕಂಬಿಗೆ ಒರಗಿ, ಗಂಡನ ನಿಲುವಂಗಿಯನ್ನು ರಪ್ಪರಪ್ಪನೆ ಕೊಡವುತ್ತ ಕೆಮ್ಮುತ್ತಿದ್ದಳು.

"ಚಿಕ್ಕಮ್ಮ, ಅದನ್ನ ಕೊಡವಬೇಡಿ. ಮೆತ್ತಗೆ ಚೀಲದೊಳಗೆ ಹಾಕಿ ಬಾಯಿ ಕಟ್ಟಿ."

"ಯಾಕೆ, ಕಚ್ಚತ್ತಾ?"

"ಹೌದು ಅಂತ್ಲೇ ಅಂದ್ಕೊಳ್ಳಿ." ಬಿಸೆರಾ ವೆಲ್ಚೊನ ಕಡೆ ತಿರುಗಿದಳು. "ಚಿಕ್ಕಪ್ಪ, ಈಗ ಯಾವ ಲೋಹ ಉಜ್ತಿದ್ದೀರಿ?"

"ಹಳೇದೇ. ಜೇನುತುಪ್ಪದ ಥರ ಹರಿಯತ್ತೆ ಕಣೇ. ಹೋದ ವರ್ಷ ನೀನು ಕೊಟ್ಟೆಯಲ್ಲ, ಅದು ಕತ್ತೆ. ಎಳೆದ್ರೂ ಬರಲ್ಲ, ತಳ್ಳಿದ್ರೂ ಹೋಗಲ್ಲ."

"ಆ ಕತ್ತೆ ಹುಟ್ಟೋಕೆ ಆರು ವರ್ಷ ಹಿಡೀತು. ನಿಮ್ಮದು ಜೇನಿನ ಥರ ಯಾಕೆ ಹರಿಯತ್ತೆ ಗೊತ್ತಾ? ಅದರಲ್ಲಿ ಬೆರಿಲಿಯಂ ಅಂತ ಇನ್ನೊಂದು ಲೋಹ ಸೇರಿಸಿರ್ತಾರೆ. ನೂರಕ್ಕೆ ಒಂದೋ ಎರಡೋ ಪಾಲು, ಅಷ್ಟೆ. ಕರಗಿದಾಗ ಚೆನ್ನಾಗಿ ಹರಿಯತ್ತೆ, ಕ್ಯಾಪಿನ ಮೇಲೆ ಹಚ್ಚೋ ಪಿಂಗಾಣಿ ಗಟ್ಟಿಯಾಗಿ ಕಚ್ಕೊಳ್ಳತ್ತೆ. ಆದರೆ ಉಜ್ಜಿದಾಗ ಏಳೋ ಸಣ್ಣ ಧೂಳು ಕಣ್ಣಿಗೆ ಕಾಣಲ್ಲ. ಅದು ಶ್ವಾಸಕೋಶದಲ್ಲಿ ಕೂತ್ರೆ ಕೆಲವರ ಮೈಗೆ ಆಗಿ ಬರಲ್ಲ. ಒಳಗೆ ಗಂಟು ಗಂಟಾಗತ್ತೆ, ಬರ್ತಾ ಬರ್ತಾ ಉಸಿರು ಸಾಲದೆ ಹೋಗತ್ತೆ. ಕೆಲವರಿಗೆ ಎಷ್ಟೋ ವರ್ಷ ಆದ್ಮೇಲೂ ಕಾಣಿಸ್ಕೊಳ್ಳತ್ತೆ. ಹತೋಟಿಗೆ ಔಷಧಿ ಇದೆ, ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲ."

"ಹಂಗಾದ್ರೆ ನನ್ನ ಕ್ಯಾಪ್ ಹಾಕ್ಸಿಕೊಂಡೋರು ಅರ್ಧ ಊರು ಸಾಯಬೇಕಿತ್ತು."

"ಬಾಯಲ್ಲಿ ಕೂತಿರೋ ಕ್ಯಾಪಿಂದ ಈ ಧೂಳು ಏಳಲ್ಲ ಚಿಕ್ಕಪ್ಪ. ಈ ಕಾಯಿಲೆ ಬರೋದು ಕರಗಿಸೋರಿಗೆ, ಉಜ್ಜೋರಿಗೆ."

"ಉಜ್ಜೋನು ನಾನು. ನೋಡು, ಗೂಳಿ ಇದ್ದ ಹಾಗಿದ್ದೀನಿ. ದಿನಾ ಮೊಸರು ಬೀಳತ್ತೆ."

"ಮೊಸರು ಹೋಗೋದು ಹೊಟ್ಟೆಗೆ. ಧೂಳು ಹೋಗೋದು ಶ್ವಾಸಕೋಶಕ್ಕೆ. ಎರಡೂ ಎಲ್ಲಿ ಭೇಟಿ ಆಗ್ತವೆ, ಹೇಳಿ?"

ವೆಲ್ಚೊ ಬಾಯಿ ತೆರೆಯುವಷ್ಟರಲ್ಲಿ ಸ್ತಾಮೆನಾ ಕುರ್ಚಿ ಎಳೆದುಕೊಂಡು ಕುಳಿತಳು. ಮಾತಾಡುವ ಮೊದಲು ಉಸಿರು ಕೂಡಿಸಿಕೊಳ್ಳಬೇಕಾಯಿತು.

"ಮೊಸರೇ ಮದ್ದಾಗಿದ್ರೆ, ಈ ಮನೇಲಿ ಮೂರು ಹೊತ್ತೂ ಮೊಸರು ತಿನ್ನೋಳು ನಾನು. ನಿನಗ್ಯಾಕೆ ಕೆಮ್ಮಿಲ್ಲ ಮಹರಾಯ, ನನಗ್ಯಾಕಿದೆ?"

ವೆಲ್ಚೊ ಪ್ರೊದಾನ್ ಬಳಿ ಸೇರಿದ ಹನ್ನೊಂದು ವರ್ಷದಿಂದ ಪ್ರತಿ ವಾರ ಅವಳು ಆ ಅಂಗಿ ಕೊಡವುತ್ತಿದ್ದಳು. ಅವನೇ ತಂದು ಅವಳ ಕೈಗೆ ಕೊಡುತ್ತಿದ್ದ.

"ನನಗೆ ಹೊಟ್ಟೆ ಉರಿಯೋದು ಇದಕ್ಕೇ," ಎಂದಳು ಬಿಸೆರಾ. ಅವಳ ಕೈಯಲ್ಲಿದ್ದ ಮೆಣಸಿನಕಾಯಿ ಹಿಸುಕಿಹೋಗಿತ್ತು. "ಇದು ನಿನ್ನೆ ಮೊನ್ನೆ ಗೊತ್ತಾದ ವಿಷಯ ಅಲ್ಲ. ಬೆರಿಲಿಯಂ ಇಲ್ಲದ ಲೋಹ ನಾನೊಬ್ಬಳೇ ಮಾಡಿದ್ದೂ ಅಲ್ಲ. ಕೋಬಾಲ್ಟು, ಕ್ರೋಮಿಯಂ ಸೇರಿಸಿ ಮಾಡಿದ್ದು ಅಂಗಡೀಲಿ ಎಂದಿನಿಂದಲೋ ಸಿಗತ್ತೆ. ಅದರ ಧೂಳೂ ಒಳ್ಳೇದಲ್ಲ, ಅದಕ್ಕೂ ಯಂತ್ರ ಓಡಬೇಕು. ಆದರೆ ಈ ವಿಷ ಅದರಲ್ಲಿಲ್ಲ. ಸ್ವಲ್ಪ ಬಿಸಿ ಜಾಸ್ತಿ ಬೇಕು, ಕೈ ಸ್ವಲ್ಪ ಬೇರೆ ಥರ ಪಳಗಬೇಕು. ಅಷ್ಟಕ್ಕೆ ಬೇಡ ಅಂದ್ರಿ."

ಮರುವಾರ ಮೂವರೂ ಎದೆರೋಗದ ಆಸ್ಪತ್ರೆಗೆ ಹೋದರು. ಅಲ್ಲಿನ ವೈದ್ಯೆ ಸಿಗರೇಟಿನ ಸುದ್ದಿ ಎತ್ತಲಿಲ್ಲ. ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಎಂದು ಮೊದಲು ಕೇಳಿದಳು. ಒಂದು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ಅವಳೊಬ್ಬಳೇ. ಬೆರಿಲಿಯಂ ಮೈಗೆ ಆಗಿಬರುತ್ತದೆಯೋ ಇಲ್ಲವೋ ತಿಳಿಸುವ ರಕ್ತಪರೀಕ್ಷೆಯೊಂದಿದೆ. ಇಬ್ಬರದ್ದೂ ರಕ್ತ ತೆಗೆದರು, ಎದೆಯ ಚಿತ್ರ ತೆಗೆದರು. ಸ್ತಾಮೆನಾಳಿಗೆ ಕಾಯಿಲೆ ಹಿಡಿದಿತ್ತು. ವೆಲ್ಚೊನಿಗೆ ಏನೂ ಇರಲಿಲ್ಲ. ತಪ್ಪು ಮಾಡಿದವನಿಗೆ ಬಿಡುಗಡೆಯಾಗಿ, ಬಟ್ಟೆ ಒಗೆದವಳಿಗೆ ಶಿಕ್ಷೆಯಾದಂತಾಯಿತು ಅವನ ಪಾಲಿಗೆ.

ಫಲಿತಾಂಶ ಬಂದ ಮರುದಿನ ಅವನು ಮೇಜಿಗೆ ಕೂರಲಿಲ್ಲ. ನೇರ ಪ್ರೊದಾನ್ ಮುಂದೆ ಹೋಗಿ ನಿಂತ.

"ಲೋಹದ ಡಬ್ಬಿ ಜೊತೆ ಬಂದ ಎಚ್ಚರಿಕೆ ಕಾಗದ ಎಲ್ಲಿದೆ?"

"ಯಾವ ಕಾಗದ ವೆಲ್ಚಣ್ಣ?"

ಕಾಗದ ಕಪಾಟಿನೊಳಗೆ ಸಿಕ್ಕಿತು. ಬಂದಾಗಿನ ಮಡಿಕೆ ಬಿಚ್ಚಿರಲಿಲ್ಲ. "ಪರದೇಶದ ಭಾಷೆ," ಎಂದ ಪ್ರೊದಾನ್, "ನನಗೆ ಓದೋಕೆ ಬರಲ್ಲ."

ಕಾಗದದ ನೆತ್ತಿಯಲ್ಲೇ ಒಂದು ಚಿತ್ರವಿತ್ತು. ಮನುಷ್ಯನ ತಲೆ, ಭುಜದ ಆಕೃತಿ, ಅದರ ಎದೆ ನಕ್ಷತ್ರದಂತೆ ಸಿಡಿದಿತ್ತು. ವೆಲ್ಚೊ ಅದರ ಮೇಲೆ ಬೆರಳಿಟ್ಟ.

"ಇದನ್ನ ಓದೋಕೂ ಭಾಷೆ ಬೇಕಾ? ಈ ಧೂಳಿಂದ್ಲೇ ನನ್ನ ಹೆಂಡ್ತಿ ಎದೆ ಕೆಟ್ಟಿದ್ದು."

"ಊರೆಲ್ಲ ಇದನ್ನೇ ಮಾಡ್ತಾರೆ. ಅಲ್ದೆ, ನಿನ್ನ ಹೆಂಡ್ತಿ ನನ್ನ ಹತ್ರ ಕೆಲಸಕ್ಕಿದ್ದೋಳಲ್ವಲ್ಲ."

"ಅಲ್ಲ. ಆದ್ರೂ ಹನ್ನೊಂದು ವರ್ಷ ನಿನ್ನ ಅಂಗಡಿ ಕಸ ಗುಡಿಸಿದಾಳೆ, ನಮ್ಮ ಬಾಲ್ಕನೀಲಿ."

ಉಜ್ಜುವ ಸದ್ದು ಒಂದೊಂದಾಗಿ ನಿಂತಿತು. ಉಳಿದ ಐವರಿಗೂ ಮನೆಯಲ್ಲಿ ಬಟ್ಟೆ ಒಗೆಯುವವರಿದ್ದರು. ಹೆಂಡತಿ, ಅಮ್ಮ, ಒಬ್ಬನಿಗಂತೂ ಬಸುರಿ ಮಗಳು. ಯಂತ್ರ ಓಡುವವರೆಗೆ ಲೋಹ ಮುಟ್ಟುವುದಿಲ್ಲವೆಂದು ಆರೂ ಜನ ಎದ್ದುಬಿಟ್ಟರು. ಬಿಸೆರಾ ಬರೆದುಕೊಟ್ಟ ದೂರಿಗೆ ಎಲ್ಲರೂ ಸಹಿ ಹಾಕಿದರು. ಕಾರ್ಮಿಕ ಇಲಾಖೆಯವರು ಬಂದು ಬೀಗ ಹಾಕಿ ಹೋದರು. ತಿಂಗಳ ಮೇಲೆ ಬಾಗಿಲು ತೆರೆದಾಗ ಪ್ರತಿ ಮೇಜಿಗೂ ಧೂಳು ಎಳೆಯುವ ಕೊಳವೆಯಿತ್ತು, ಬಟ್ಟೆ ಬದಲಿಸಲು ಕೋಣೆಯಿತ್ತು, ಹಳೆಯ ಲೋಹ ಇರಲಿಲ್ಲ. ಹೊಸ ಲೋಹದಲ್ಲಿ ವೆಲ್ಚೊ ಒಂಬತ್ತು ಅಚ್ಚು ಕೆಡಿಸಿದ. ಹತ್ತನೆಯದು ಬಂತು.

ಸ್ತಾಮೆನಾ ಔಷಧಿಯ ಮೇಲಿದ್ದಾಳೆ. ಇನ್ನೆರಡು ವರ್ಷ ತಡವಾಗಿದ್ದರೆ ಕಷ್ಟವಿತ್ತು ಎಂದಿದ್ದಾಳೆ ವೈದ್ಯೆ. ಮೂರನೇ ಮಹಡಿಗೆ ಅವಳು ನಡುವೆ ಎರಡು ಸಲ ನಿಂತು ಹತ್ತುತ್ತಾಳೆ. ಸಾಮಾನಿನ ಚೀಲ ಈಗ ವೆಲ್ಚೊ ಹೊರುತ್ತಾನೆ.

ಓದುವವರೇ, ಹಲ್ಲಿನ ಲೋಹ ಕರಗಿಸುವ, ಉಜ್ಜುವ ಕೆಲಸ ನಿಮ್ಮದಾಗಿದ್ದರೆ ನಾಳೆ ಬೆಳಿಗ್ಗೆಯೇ ಡಬ್ಬಿಯ ಮೇಲಿನ ಲೋಹಗಳ ಹೆಸರು ಓದಿ. ಬೆರಿಲಿಯಂ ಇದ್ದರೆ ಮುಟ್ಟಬೇಡಿ. ಯಾವ ಲೋಹವಾದರೂ ಸರಿ, ಧೂಳು ಎಳೆಯುವ ಯಂತ್ರವಿಲ್ಲದೆ ಉಜ್ಜಬೇಡಿ. ಮುಖಕ್ಕೆ ಕಟ್ಟಿದ ಬಟ್ಟೆ ಈ ಧೂಳನ್ನು ತಡೆಯುವುದಿಲ್ಲ. ಗಾಳಿಯಿಂದ ಊದಬೇಡಿ, ಒಣಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸದ ಅಂಗಿ ಕೆಲಸದಲ್ಲೇ ಉಳಿಯಲಿ. ಮನೆಯಲ್ಲಿ ಯಾರಿಗೆ ಕೆಮ್ಮು ಬಂದರೂ ವೈದ್ಯರು ಕೇಳುವ ಮೊದಲೇ ನಿಮ್ಮ ಕೆಲಸ ಏನೆಂದು ಹೇಳಿ. ಮಾಲೀಕ ಏನು ಕೊಟ್ಟು ಬಾಯಿ ಮುಚ್ಚಿಸಿದರೂ ಮುಚ್ಚಬೇಡಿ.

ಲೋಹದ ಹೆಸರು ಕೇಳಲು ಒಂದು ಉಸಿರು ಸಾಕು. ಆ ಉಸಿರು ಇರುವಾಗಲೇ ಕೇಳಿ.