ದನಿ ಇಳಿಸುವ ಪಾಠ

"ಹಾಡಿ ಅಂದ್ರೆ ಕಿರುಚಿ ಅಂತಲ್ಲ ಕಣ್ರೋ!"

ಲಿಯೋನಾ ಪ್ರುಯಿಟ್ ಪಿಯಾನೋದ ಮುಚ್ಚಳವನ್ನು ತಟ್ಟಿದಳು. ಎರಡನೇ ತರಗತಿಯ ಮಕ್ಕಳೆಲ್ಲ ಒಂದೇ ಸಲಕ್ಕೆ ಬಾಯಿ ಮುಚ್ಚಿದರು, ಮೇವಿಸ್ ಒಬ್ಬಳನ್ನು ಬಿಟ್ಟು. ಅವಳದು ಯಾವಾಗಲೂ ಎಲ್ಲರಿಗಿಂತ ಅರ್ಧ ಸಾಲು ಹೆಚ್ಚು. ಏಳು ವರ್ಷದ ಆ ಮೋಟು ಹುಡುಗಿಯ ಗಂಟಲಲ್ಲಿ ದೇವರು ಅದೇನಿಟ್ಟಿದ್ದನೋ, ಅವಳು ಬಾಯಿ ತೆರೆದರೆ ಮೂಲೆಯಲ್ಲಿ ಪೇರಿಸಿಟ್ಟ ಡ್ರಮ್ಮುಗಳು ತಾವೇ ಗುಂಯ್‌ಗುಡುತ್ತಿದ್ದವು.

ಲಿಯೋನಾಳ ಕಣ್ಣು ಪಕ್ಕದ ಗೋಡೆಯ ಕಡೆ ಹೋಯಿತು. ಅದರಾಚೆ ಮೂರನೇ ತರಗತಿಯವರು ರಾಜ್ಯದ ಪರೀಕ್ಷೆ ಬರೆಯುತ್ತಿದ್ದರು. ಪರೀಕ್ಷೆಯ ವಾರ ಬಂತೆಂದರೆ ಆ ಶಾಲೆ ಸಾವಿನ ಮನೆಯ ಹಾಗಾಗುತ್ತಿತ್ತು. ಗಂಟೆ ಬಾರಿಸುತ್ತಿರಲಿಲ್ಲ, ಟೀಚರುಗಳು ಓಡಾಡುವಾಗ ಚಪ್ಪಲಿ ಸದ್ದಾಗದಂತೆ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಪ್ರಿನ್ಸಿಪಾಲ್ ಹೆಸ್ ಮೇಡಂ ಅವಳನ್ನು ಕರೆದು, "ನಿಮ್ಮ ಪಾಠ ನೋಡೋಕೆ ಇವತ್ತೇ ಬರ್ತೀನಿ ಲಿಯೋನಾ. ಆದ್ರೆ ಜೋರಾಗಿ ಹಾಡಿಸೋ ಭಾಗ ಬಿಟ್ಬಿಡಿ. ಬರೀ ಮೆಲ್ಲಗೆ ಹಾಡೋದು ಕಲಿಸಿ ಸಾಕು" ಎಂದಿದ್ದರು. ಏರನ್ನು ಬಿಟ್ಟು ಬರೀ ಇಳಿಜಾರು ತೋರಿಸುವುದು ಹೇಗೆಂದು ಕೇಳಬೇಕೆನಿಸಿತ್ತು. ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಇವತ್ತಿನ ಪಾಠದ ಮೇಲೆ ಅವಳ ಕೆಲಸ ನಿಂತಿತ್ತು. ಹಳೇ ಸಂಗೀತದ ಟೀಚರು ಹೆರಿಗೆಗೆಂದು ಹೋದಾಗ ತಾತ್ಕಾಲಿಕವಾಗಿ ಬಂದವಳು ಲಿಯೋನಾ. ಆ ಟೀಚರು ಇನ್ನು ವಾಪಸು ಬರುವುದಿಲ್ಲ, ಜಾಗ ಕಾಯಂ ಆಗಿ ತನಗೇ ಸಿಗಬಹುದು ಎಂದು ತಿಳಿದ ದಿನದಿಂದ ಅವಳಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ. ವರ್ಷಗಟ್ಟಲೆ ಹಲ್ಲಿನ ಡಾಕ್ಟರ ಬಳಿ ಫೋನು ಎತ್ತುತ್ತಾ, ಭಾನುವಾರ ಮಾತ್ರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾ ಬದುಕಿದವಳು, ನಲವತ್ತು ದಾಟಿದ ಮೇಲೆ ಓದಿ ಟೀಚರಾಗಿದ್ದಳು. ಮತ್ತೆ ಆ ಫೋನಿನ ಮುಂದೆ ಕೂರುವುದು ಅವಳಿಗೆ ಸುತರಾಂ ಬೇಕಿರಲಿಲ್ಲ.

ಹೆಸ್ ಮೇಡಂ ಬಂದರು. ಎತ್ತರದ ಹೆಂಗಸು. ಹಿಂದೆ ಮಕ್ಕಳ ಪುಟ್ಟ ಕುರ್ಚಿಯೊಂದರಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತು ಲ್ಯಾಪ್‌ಟಾಪ್ ತೆರೆದರು. ಬಾಗಿಲನ್ನು ಅರೆ ತೆರೆದೇ ಬಿಟ್ಟಿದ್ದರು.

ಹಾಡು ಲಿಯೋನಾಳೇ ಕಟ್ಟಿದ್ದು. ಹೆಬ್ಬಾತುಗಳ ಹಿಂಡು ಸರೋವರ ದಾಟಿ ಬರುತ್ತದೆ. ತಲೆಯ ಮೇಲೆ ಬಂದಾಗ ಜೋರು, ದೂರ ಹೋದಂತೆ ಮೆಲ್ಲಗೆ. ಪ್ರತಿ ವರ್ಷ ಚಳಿ ಮುಗಿದಾಗ ಊರಿನ ಮಕ್ಕಳೆಲ್ಲ ಕತ್ತೆತ್ತಿ ನೋಡುವುದೇ ಅದು, ಅರ್ಥವೇನೋ ಆಗಿತ್ತು. ಹಾಡುವಾಗ ಮಾತ್ರ, ಬಾತು ಎಷ್ಟು ದೂರ ಹೋದರೂ ಮೇವಿಸ್ ಅದರ ಬಾಲ ಹಿಡಿದು ವಾಪಸು ಎಳೆದು ತರುತ್ತಿದ್ದಳು. ಉಳಿದವರು ದನಿ ಇಳಿಸಿ ಎಂದರೆ ತಾಳವನ್ನೂ ಇಳಿಸಿ, ತೂಕಡಿಸುವವರ ಹಾಗೆ ಹಾಡುತ್ತಿದ್ದರು. ಲಿಯೋನಾ ಕೈ ಸನ್ನೆ ಮಾಡಿ ನೋಡಿದ್ದಳು, ಬಗ್ಗಿ ನೋಡಿದ್ದಳು, ಒಮ್ಮೆ ನೆಲದ ಮೇಲೆ ಮಲಗಿಯೂ ನೋಡಿದ್ದಳು. ಈ ದಿನ ಕಾರಿನಲ್ಲಿ ಬರುವಾಗ ಹೊಸದೊಂದು ಉಪಾಯ ಹೊಳೆದಿತ್ತು.

"ನನ್ನ ಕೈ ನೋಡ್ಬೇಡಿ, ದೀಪ ನೋಡಿ" ಎಂದು ಬಾಗಿಲ ಪಕ್ಕದ ಸ್ವಿಚ್ಚುಗಳ ಬಳಿ ನಿಂತಳು. "ಅರ್ಧ ದೀಪ ಹೋದ್ರೆ ಅರ್ಧ ದನಿ. ಪೂರ್ತಿ ಹೋದ್ರೆ?"

"ಸೊನ್ನೆ ದನಿ!" ಎಂದ ಮುಂದಿನ ಸಾಲಿನ ಓರಿನ್.

"ಸೊನ್ನೆ ಆದ್ರೆ ಹಾಡೆಲ್ಲಿರತ್ತೋ ಮಾರಾಯ? ಬಾತು ದೂರ ಹೋಗಿದೆ, ಸತ್ತೋಗಿಲ್ಲ."

ಮಕ್ಕಳು ಕಿಸಕ್ಕೆಂದರು. ಹಾಡು ಶುರುವಾಯಿತು. ಅವಳು ಒಂದು ಸ್ವಿಚ್ಚು ಆರಿಸಿದಳು.

ದನಿ ಇಳಿಯಿತು, ತಾಳ ಇಳಿಯಲಿಲ್ಲ! ಅಬ್ಬಾ, ಇಷ್ಟು ದಿನ ಗಂಟಲು ಹರಿದುಕೊಂಡರೂ ಆಗದಿದ್ದದ್ದು! ಮೇವಿಸ್ ಕೂಡ ಎಲ್ಲರ ಜೊತೆಗೇ ಇದ್ದಳು. ಹಿಂದೆ ಹೆಸ್ ಮೇಡಂ ತಲೆದೂಗುತ್ತಾ ಏನೋ ಟೈಪು ಮಾಡುತ್ತಿದ್ದರು. ಲಿಯೋನಾ ಪರೀಕ್ಷೆಯವರಿಗೆ ತೊಂದರೆಯಾಗದಿರಲಿ ಎಂದು ಅರೆ ತೆರೆದ ಬಾಗಿಲನ್ನು ಮುಚ್ಚಿದಳು, ಚಿಲಕ ಕಟಕ್ಕೆಂದಿತು. ಎರಡನೇ ಸ್ವಿಚ್ಚನ್ನೂ ಆರಿಸಿ, ತುಟಿಯ ಮೇಲೆ ಬೆರಳಿಟ್ಟು, "ಇನ್ನೂ ಮೆಲ್ಲಗೆ" ಎಂದು ಪಿಸುಗುಟ್ಟಿದಳು.

ಹಾಡು ನಿಂತುಹೋಯಿತು.

ಮಕ್ಕಳು ಕುರ್ಚಿ ಸದ್ದಾಗದಂತೆ ಎದ್ದರು. ಹಿಮ್ಮಡಿ ಎತ್ತಿಕೊಂಡು, ಒಬ್ಬರನ್ನೊಬ್ಬರು ತಳ್ಳದೆ, ಬಾಗಿಲ ಗಾಜಿನಿಂದ ಕಾಣಿಸದ ಮೂಲೆಗೆ ಹೋಗಿ ಗೋಡೆಗೊರಗಿ ಮಂಡಿ ಮಡಚಿ ಕುಳಿತರು. ಓರಿನ್ ಎರಡೂ ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡ. ಹೋಗುವ ದಾರಿಯಲ್ಲಿ ಒಂದು ಹುಡುಗಿ, ಸ್ಟ್ಯಾಂಡಿಗೆ ನೇತುಹಾಕಿದ್ದ, ತಾಳಕ್ಕೆ ಬಾರಿಸುವ ತ್ರಿಕೋನದ ಕಂಬಿ ಅಲ್ಲಾಡಿ ಕಿಣಿಗುಟ್ಟದಂತೆ ಮುಷ್ಟಿಯಲ್ಲಿ ಹಿಡಿದು ನಿಲ್ಲಿಸಿ, ಆಮೇಲೆ ಕುಳಿತಳು.

ಎಂಥ ನಿಶ್ಶಬ್ದ ಎಂದು ಒಂದು ಕ್ಷಣ ಲಿಯೋನಾ ಹಿಗ್ಗಿದಳು. ಮರುಕ್ಷಣ ಅವಳಿಗೆ ಹೊಳೆಯಿತು: ದೀಪ ಆರಿಸಿ, ಚಿಲಕ ಹಾಕಿ, ಪಿಸುಗುಟ್ಟಿದ್ದನ್ನು ಮಕ್ಕಳು ಬೇರೆಯೇ ಸೂಚನೆ ಎಂದುಕೊಂಡಿದ್ದರು. ಬಂದೂಕು ಹಿಡಿದವನೊಬ್ಬ ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂಬ ತಾಲೀಮು ಅದು. ಅರ್ಧ ವಾರ ಇನ್ನೊಂದು ಶಾಲೆಯಲ್ಲಿ ಕಲಿಸುವ ಅವಳಿಗೆ ಇಲ್ಲಿನ ತಾಲೀಮು ಒಂದೂ ಸಿಕ್ಕಿರಲಿಲ್ಲ. ಅವಳ ಕಾಲದಲ್ಲಿ ಇದ್ದದ್ದು ಸುಂಟರಗಾಳಿಯ ಸೈರನ್ ಒಂದೇ. ಎಲ್ಲರೂ ವರಾಂಡದಲ್ಲಿ ಸಾಲಾಗಿ ಕುಕ್ಕರಗಾಲಲ್ಲಿ ಕೂತು, ತಲೆ ಮೇಲೆ ಕೈಯಿಟ್ಟು, ಕದ್ದು ನಗುತ್ತಿದ್ದರು. ಇಲ್ಲಿ ಯಾರೂ ನಗುತ್ತಿರಲಿಲ್ಲ.

"ಏಳ್ರಪ್ಪಾ, ಏನಿಲ್ಲ! ಇದು ತಾಲೀಮಲ್ಲ!" ಎನ್ನುತ್ತಾ ಗಾಬರಿಯಲ್ಲಿ ಅವರ ಮೂಲೆಗೆ ಓಡಿದಳು.

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ತಾಲೀಮಲ್ಲದಿದ್ದರೆ ಮತ್ತೇನು? ಓರಿನ್‌ನ ಕಣ್ಣಿಂದ ನೀರು ಇಳಿದು ಬೆರಳ ಸಂದಿಯಲ್ಲಿ ಹರಿಯತೊಡಗಿತು. ಅವನು ಬಿಕ್ಕಲಿಲ್ಲ. ಬಿಕ್ಕದೆ ಅಳುವುದನ್ನೂ ಯಾರೋ ಕಲಿಸಿದ್ದರು.

ಅವಳ ಲಂಗದ ತುದಿಯನ್ನು ಯಾರೋ ಜಗ್ಗಿದರು. ಮೇವಿಸ್.

"ಮಿಸ್, ಕೂತ್ಕೊಳ್ಳಿ. ಗಾಜಲ್ಲಿ ಕಾಣ್ತೀರ."

ಇಷ್ಟು ಮೆಲ್ಲನೆಯ, ಇಷ್ಟು ಸ್ಪಷ್ಟವಾದ ದನಿಯನ್ನು ಮೇವಿಸ್‌ಳ ಬಾಯಲ್ಲಿ ಅವಳು ಕೇಳಿಯೇ ಇರಲಿಲ್ಲ. ಓಡಿಹೋಗಿ ಎರಡೂ ದೀಪ ಹಾಕಿದಳು. ಮೂಲೆಯಲ್ಲಿ ಯಾರೂ ಅಲುಗಲಿಲ್ಲ.

"ದೀಪ ಹಾಕಿದ್ರೂ ಏಳ್ಬಾರ್ದು ಮಿಸ್. ಯಾರು ಕರೆದ್ರೂ ಏಳ್ಬಾರ್ದು" ಎಂದು ಮೇವಿಸ್ ಪಿಸುಗುಟ್ಟಿದಳು. "ಹೆಸ್ ಮೇಡಂ ಹೊರಗಿಂದ ಬೀಗ ತೆಗೀಬೇಕು."

ಆ ಹೆಸ್ ಮೇಡಂ ಅಲ್ಲೇ ಇದ್ದರಲ್ಲ! ಅವರು ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಬೀಗದಲ್ಲಿ ಕೀಲಿ ತಿರುಗಿತು. ಬಾಗಿಲು ತೆರೆದು, "ಮುಗೀತು ಮಕ್ಕಳೇ. ಎಲ್ಲಾ ಕ್ಷೇಮ" ಎಂದರು. ಆಗ ಮಕ್ಕಳು ಉಸಿರು ಬಿಟ್ಟು, ಎದ್ದು, ಸಾಲಾಗಿ ತಮ್ಮ ಕುರ್ಚಿಗಳಿಗೆ ಬಂದರು.

ಲಿಯೋನಾ ಬೆವತುಹೋಗಿದ್ದಳು. ಮುಗಿಯಿತು, ಕೆಲಸ ಹೋಯಿತು ಎಂದೇ ಅಂದುಕೊಂಡಳು. ಹೆಸ್ ಮೇಡಂ ಅವಳ ಬಳಿ ಬಂದು ತಗ್ಗಿದ ದನಿಯಲ್ಲಿ, "ಹೆದರ್ಬೇಡಿ" ಎಂದರು. "ನೋಡಿದ್ರಾ, ಒಂದು ಸದ್ದಿಲ್ಲ. ನಾನೇ ಕಲಿಸಿದ್ದು. ದೀಪದ ವಿಷಯ ಬರೆಯಲ್ಲ, ತರಗತೀಲಿ ಶಿಸ್ತು ಚೆನ್ನಾಗಿದೆ ಅಂತ ಬರೀತೀನಿ. ಉಳಿದ ಹೊತ್ತು ಬಣ್ಣ ಹಚ್ಚೋಕೆ ಏನಾದ್ರೂ ಕೊಟ್ಬಿಡಿ. ಗದ್ದಲ ಬೇಡ" ಎಂದು ಹಿಂದಿನ ಕುರ್ಚಿಗೆ ಹೋಗಿ ಕುಳಿತರು.

ಹೋದ ಜೀವ ಬಂದಂತಾಯಿತು. ಬಾತಿನ ಚಿತ್ರದ ಹಾಳೆಗಳನ್ನು ಕೈಗೆತ್ತಿಕೊಂಡಳು. ಹಂಚುವ ಮುಂಚೆ, ಸುಮ್ಮನೆ ನೋಡೋಣವೆಂದು, ಹಾಡಿನ ಮೊದಲ ಸ್ವರ ನುಡಿಸಿದಳು. ಮಕ್ಕಳ ತುಟಿಗಳು ಆಡಿದವು, ದನಿ ಬರಲಿಲ್ಲ.

"ಮೇವಿಸ್, ನಿನ್ ದನಿ ಎಲ್ಲೋಯ್ತೇ?"

"ಇಲ್ಲೇ ಇದೆ ಮಿಸ್" ಎಂದು ಅವಳು ಎದೆ ಮುಟ್ಟಿ ತೋರಿಸಿದಳು, ಪಿಸುಮಾತಿನಲ್ಲೇ.

"ಮತ್ತೆ, ತೆಗಿ ಹೊರಗೆ."

"ಬೇಡ."

ಲಿಯೋನಾ ವಾರಗಟ್ಟಲೆ ಈ ಹುಡುಗಿಗೆ ಮೆಲ್ಲಗೆ, ಮೆಲ್ಲಗೆ ಎಂದು ಗದರಿದ್ದಳಲ್ಲ. ಹಾಳೆಗಳನ್ನು ಪಿಯಾನೋದ ಮೇಲೆ ಕವುಚಿ ಇಟ್ಟಳು.

"ಹೆಸ್ ಮೇಡಂ, ಬೇಜಾರು ಮಾಡ್ಕೋಬೇಡಿ. ನಾನಿವತ್ತು ಜೋರು ಕಲಿಸ್ಬೇಕು."

"ಲಿಯೋನಾ, ಪಕ್ಕದಲ್ಲಿ ಪರೀಕ್ಷೆ."

"ಗೊತ್ತು ಮೇಡಂ."

"ಬೆಳಿಗ್ಗೇನೇ ಹೇಳಿದ್ದೆ ನಿಮಗೆ. ಆ ಕಡೆಯಿಂದ ಒಂದು ದೂರು ಬಂದ್ರೂ ನಾನೇನೂ ಮಾಡೋಕಾಗಲ್ಲ."

"ಅದೂ ಗೊತ್ತು. ಆದ್ರೆ ಇವರನ್ನ ಹೀಗೇ ಮನೆಗೆ ಕಳಿಸೋಕೆ ನನ್ ಕೈಲಾಗಲ್ಲ."

ಲಿಯೋನಾ ಕುಳಿತು, ಎರಡೂ ಕೈಯಿಂದ ಪಿಯಾನೋವನ್ನು ಬಲವಾಗಿ ಒತ್ತಿ, ತಾನೊಬ್ಬಳೇ ಹಾಡಿದಳು. ಬಾತು ಬಂತು ತಲೆಯ ಮೇಲೆ ಎನ್ನುವಲ್ಲಿ ದನಿ ಒಡೆಯಿತು, ಬಿಡಲಿಲ್ಲ. ಆದರೆ ಮಕ್ಕಳು ಅವಳನ್ನು ನೋಡುತ್ತಲೇ ಇರಲಿಲ್ಲ. ಎಲ್ಲರೂ ಹಿಂದಕ್ಕೆ ತಿರುಗಿ ಹೆಸ್ ಮೇಡಂ ಅವರನ್ನು ನೋಡುತ್ತಿದ್ದರು.

ಹೆಸ್ ಮೇಡಂ ಒಬ್ಬೊಬ್ಬರ ಮುಖವನ್ನೂ ನೋಡಿದರು. ಓರಿನ್‌ನ ಕೆನ್ನೆ ಇನ್ನೂ ಒದ್ದೆಯಾಗಿತ್ತು. ಅವರು ಲ್ಯಾಪ್‌ಟಾಪನ್ನು ಮುಚ್ಚಿ ನೆಲದ ಮೇಲಿಟ್ಟರು. ತಮ್ಮ ಉಣ್ಣೆಯ ಸ್ವೆಟರ್ ಬಿಚ್ಚಿದರು. ಬಾಗಿಲು ಮುಚ್ಚಿ, ಮಂಡಿಯೂರಿ, ದನಿ ಹೊರಗೆ ಹೋಗದಂತೆ ಅದನ್ನು ಉದ್ದಕ್ಕೆ ಸುತ್ತಿ ಬಾಗಿಲ ಕೆಳಗಿನ ಸಂದಿಗೆ ಬೆರಳಿನಿಂದ ಗಿಡಿದು ತುಂಬಿದರು. ಆಮೇಲೆ ಬಾಗಿಲಿಗೇ ಬೆನ್ನು ಕೊಟ್ಟು, ಉದ್ದನೆಯ ಕಾಲು ಚಾಚಿಕೊಂಡು ನೆಲದ ಮೇಲೆ ಕುಳಿತರು. ಮೇವಿಸ್‌ಳ ಕಡೆ ನೋಡಿ, ಹೂಂ ಎನ್ನುವಂತೆ ಗದ್ದ ಎತ್ತಿದರು.

ಮೇವಿಸ್ ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದುಕೊಂಡು, ಎದೆ ತುಂಬ ಉಸಿರು ಎಳೆದುಕೊಂಡಳು.